ಇನ್ನೂರು ಆಟದ ಕಾರ್ಡು ಮತ್ತು ಅಜ್ಜಿಯ ಒತ್ತು

ಹೆಂಡತಿ ಹೇಳಿದ್ದು ಫ್ಲ್ಯಾಶ್ ಕಾರ್ಡ್ ತನ್ನಿ ಅಂತ. ನಾನು ತಂದದ್ದೂ ಫ್ಲ್ಯಾಶ್ ಕಾರ್ಡೇ. ಆದರೆ ಅವಳು ಕೇಳಿದ್ದು ‘ಅ’ ಅಂದರೆ ಅರಸ, ‘ಆ’ ಅಂದರೆ ಆನೆ ಎಂದು ಚಿತ್ರ ಹಾಕಿದ ರಟ್ಟಿನ ಕಾರ್ಡು. ನಾನು ಆಫೀಸಿನ ಕೆಲಸಕ್ಕೆ ಅಹಮದಾಬಾದಿಗೆ ಹೋದವನು ರಿಲೀಫ್ ರೋಡಿನಲ್ಲಿ ಕೊಂಡದ್ದು ನಿಂಟೆಂಡೊ ಡಿಎಸ್ ಲೈಟ್ ಎಂಬ ಆಟದ ಯಂತ್ರಕ್ಕೆ ಸಿಕ್ಕಿಸುವ, ದೊಡ್ಡ ಅಂಚೆಚೀಟಿಯಷ್ಟಗಲದ ಪ್ಲಾಸ್ಟಿಕ್ ಕಾರ್ಡು. “ಬಸೋ ಗೇಮ್ ಛೇ, ಭಾಯ್” ಎಂದಿದ್ದ ಅಂಗಡಿಯವನು. ಇನ್ನೂರು ಆಟ! ಕಾರ್ಡನ್ನು ನೋಡಿದ ಹೆಂಡತಿ, “ರೀ, ಇದರಲ್ಲಿ ಕನ್ನಡ ಎಲ್ಲಿದೆ?” ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಒಂದು ವರ್ಷ ಹೋಯಿತು. ಈ ಬರಹ ಆ ವರ್ಷದ ಲೆಕ್ಕ.

ನಾವಿರುವುದು ವಡೋದರಾ ಪಕ್ಕದ ಕೊಯಾಲಿಯಲ್ಲಿ. ಸೋವಿಯತ್ ನೆರವಿನಿಂದ ಕಟ್ಟಿ 1965ರಲ್ಲಿ ಶುರುವಾದ ತೈಲ ಸಂಸ್ಕರಣಾಗಾರದ ಊರು. ರಾತ್ರಿ ಬಾಲ್ಕನಿಗೆ ಬಂದರೆ ಚಿಮಣಿಯ ತುದಿಯ ಬೆಂಕಿ ಕಾಣುತ್ತದೆ. ದೇಶದ ಎಲ್ಲ ಮೂಲೆಯವರೂ ಇಲ್ಲಿದ್ದಾರೆ. ಹಾಗಾಗಿ ಯಾರ ಮಕ್ಕಳಿಗೂ ಅಪ್ಪ ಅಮ್ಮನ ಭಾಷೆ ಪೂರ್ತಿ ಬರುವುದಿಲ್ಲ. ಒಂಬತ್ತು ವರ್ಷದ ನನ್ನ ಮಗಳು ಗೆಳತಿಯರ ಜೊತೆ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷು, ಟೀವಿ ಮುಂದೆ ಹಿಂದಿ. ಕನ್ನಡ ಕೇಳಿದರೆ ತಿಳಿಯುತ್ತದೆ, ತಡವರಿಸಿ ಮಾತಾಡುತ್ತಾಳೆ. ಓದು ಮಾತ್ರ ಕಾಗುಣಿತದ ಹತ್ತಿರವೇ ನಿಂತಿತ್ತು.

ನನ್ನ ಕೆಲಸ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ಸಮಯಕ್ಕೆ ಮುಗಿಸುವುದು. ಸಮಯ ಸಾಲದಿದ್ದಾಗ ನಾವು ಮಾಡುವುದು ಒಂದೇ, ಪಟ್ಟಿಯಿಂದ ಏನನ್ನಾದರೂ ಕತ್ತರಿಸುವುದು. ಮೊದಲು ಕತ್ತರಿಸುವುದು ಯಾವಾಗಲೂ ಭಾರತೀಯ ಭಾಷೆಗಳನ್ನು. ‘ಎರಡನೇ ಹಂತದಲ್ಲಿ ನೋಡೋಣ’ ಎಂದು ಬರೆದುಬಿಡುತ್ತೇವೆ. ಆ ಎರಡನೇ ಹಂತ ಬಂದದ್ದನ್ನು ಈ ಇಪ್ಪತ್ತು ವರ್ಷದಲ್ಲಿ ನಾನು ನೋಡಿಲ್ಲ. ಮಗಳ ಕನ್ನಡವನ್ನೂ ನಾನು ಎರಡನೇ ಹಂತಕ್ಕೇ ಹಾಕಿದ್ದೆ ಎಂದು ಗೊತ್ತಾದದ್ದು ಈ ಕಾರ್ಡಿನಿಂದ.

ಮೊದಲು ಕಾರ್ಡಿನ ವಿಷಯ. ಡಿಎಸ್ 2004ರ ಯಂತ್ರ, ಡಿಎಸ್ ಲೈಟ್ 2006ರದು. ಎರಡು ಪರದೆ, ಕೆಳಗಿನದನ್ನು ಕಡ್ಡಿಯಿಂದ ಮುಟ್ಟಿ ಆಡಬಹುದು. ಅಂಗಡಿಯಲ್ಲಿ ಸಿಗುವ ಅಸಲಿ ಕಾರ್ಡಿನಲ್ಲಿ ಒಂದು ಆಟ ಇರುತ್ತದೆ, ಅದನ್ನು ಅಳಿಸಲಾಗದು, ಬದಲಿಸಲಾಗದು. ಫ್ಲ್ಯಾಶ್ ಕಾರ್ಡು ಅದೇ ಆಕಾರದ್ದು. ಆದರೆ ಅದರೊಳಗೆ ಮೊಬೈಲಿಗೆ ಹಾಕುವ ಮೈಕ್ರೊಎಸ್‌ಡಿ ಕಾರ್ಡಿಗೆ ಜಾಗವಿದೆ. ಯಂತ್ರ ತನ್ನೊಳಗೆ ಅಸಲಿ ಆಟವೇ ಬಂದಿದೆ ಎಂದು ನಂಬುತ್ತದೆ. ನೀವು ಕಂಪ್ಯೂಟರಿನಿಂದ ತುಂಬಿದ್ದನ್ನು ಅದು ಓಡಿಸುತ್ತದೆ. ಬೀಗ ಒಂದೇ, ಬಾಗಿಲು ತೆರೆದ ಮೇಲೆ ಒಳಗೆ ಬರುವವರು ಎರಡು ತರದವರು. ಕದ್ದ ಆಟ ತರುವವರು ಒಂದು ಕಡೆ, ತಾವೇ ಬರೆದ ಆಟ ತರುವವರು ಇನ್ನೊಂದು ಕಡೆ. ಈ ಎರಡನೆಯದಕ್ಕೆ ಹೋಮ್‌ಬ್ರೂ ಎಂದು ಹೆಸರು, ಅಂದರೆ ಮನೆಯಲ್ಲೇ ಭಟ್ಟಿ ಇಳಿಸಿದ್ದು. ಪಾನನಿಷೇಧದ ಗುಜರಾತಿನಲ್ಲಿ ಈ ಪದವನ್ನು ಸ್ವಲ್ಪ ಮೆಲ್ಲಗೆ ಹೇಳುವುದು ಒಳ್ಳೆಯದು.

ಕಳ್ಳಮಾಲಿನ ವ್ಯಾಪಾರಿಗಳು ಈ ಮನೆ ಆಟಗಳನ್ನು ಗುರಾಣಿಯ ಹಾಗೆ ಬಳಸಿದರು. ‘ನಮ್ಮ ಕಾರ್ಡಿನಲ್ಲಿ ಜನ ತಾವೇ ಬರೆದ ಆಟವನ್ನೂ ಆಡಬಹುದು’ ಎಂಬ ವಾದ ಲಂಡನ್ನಿನ ಹೈಕೋರ್ಟಿನವರೆಗೂ ಹೋಯಿತು. 2010ರಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಒಳ್ಳೆಯ ಉಪಯೋಗವೂ ಇದೆ ಎಂಬ ಮಾತ್ರಕ್ಕೆ ಮಾರಾಟ ಸರಿಯಾಗುವುದಿಲ್ಲ ಎಂದಿತು. ಅದಕ್ಕೆ ಹಿಂದಿನ ವರ್ಷ ಟೋಕಿಯೊದ ಕೋರ್ಟೂ ಆರ್‌4 ಎಂಬ ಹೆಸರಿನ ಕಾರ್ಡಿನ ಮಾರಾಟ ನಿಲ್ಲಿಸಿತ್ತು. ನಮ್ಮಲ್ಲಿ 2012ರ ತಿದ್ದುಪಡಿಯಿಂದ ಹಕ್ಕುಸ್ವಾಮ್ಯ ಕಾಯಿದೆಗೆ 65ಎ ಕಲಮು ಬಂತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಶಿಕ್ಷೆ ಎಂಬುದು ಅದರ ಸಾರ. ಆ ‘ಉದ್ದೇಶ’ ಎಂಬ ಮಾತಿನ ಎದುರು ನನ್ನನ್ನು ನಿಲ್ಲಿಸಿದರೆ, ರಿಲೀಫ್ ರೋಡಿನಲ್ಲಿ ನಿಂತಿದ್ದ ದಿನ ನನ್ನ ಉದ್ದೇಶ ಖಂಡಿತ ಸಾಹಿತ್ಯಸೇವೆಯಾಗಿರಲಿಲ್ಲ.

ಆ ಇನ್ನೂರು ಆಟಗಳ ಗತಿ ಏನಾಯಿತು? ಮೊದಲ ಭಾನುವಾರ ಮಗಳು ಮೂವತ್ತು ಆಟ ತೆರೆದಳು. ಒಂದನ್ನೂ ಎರಡನೇ ಹಂತದವರೆಗೆ ಆಡಲಿಲ್ಲ. ಒಂದು ತುಸು ಕಷ್ಟವಾದರೆ ಮುಂದಿನದು ಇದ್ದೇ ಇದೆಯಲ್ಲ. ನನಗೆ ರಾಣೆಬೆನ್ನೂರಿನ ಜಾತ್ರೆ ನೆನಪಾಯಿತು. ತೊಂಬತ್ತರ ದಶಕದಲ್ಲಿ ಅಲ್ಲಿ ಕೊಂಡ ಬ್ರಿಕ್ ಗೇಮಿನ ಡಬ್ಬಿಯ ಮೇಲೆ ‘9999 ಇನ್ 1’ ಎಂದಿತ್ತು. ಬಿಚ್ಚಿ ನೋಡಿದರೆ ಇದ್ದದ್ದು ಬೆರಳೆಣಿಕೆಯ ಆಟ, ಉಳಿದದ್ದೆಲ್ಲ ಅವೇ ಇಟ್ಟಿಗೆಗಳು ಬೇರೆ ವೇಗದಲ್ಲಿ ಬೀಳುವುದು. ಆದರೂ ಅದನ್ನು ಸೆಲ್ಲು ಮುಗಿಯುವವರೆಗೆ ಆಡಿದ್ದೆವು. ಡಬ್ಬಿ ಸುಳ್ಳು ಹೇಳಿದ್ದರಿಂದಲೇ ಆಟ ನಿಜವಾಗಿ ಸಿಕ್ಕಿತೇನೋ. ಮಗಳ ಕಾರ್ಡು ಸುಳ್ಳು ಹೇಳಿರಲಿಲ್ಲ, ಇನ್ನೂರೂ ಇದ್ದವು.

ಒಂದು ತಿಂಗಳ ನಂತರ ಅವೆಲ್ಲವನ್ನೂ ಅಳಿಸಿದೆ. ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ ಕುತೂಹಲ. ಬರೆದವರೇ ಉಚಿತವಾಗಿ ಹಂಚಿದ ನಾಲ್ಕು ಕೃತಿಗಳನ್ನು ಮಾತ್ರ ತುಂಬಿದೆ. ನಾಲ್ಕನ್ನೂ ಚೆನ್ನಾಗಿ ನೋಡುವ ಹೊತ್ತಿಗೆ ಬೇಸಿಗೆ ರಜೆ ಮುಗಿದಿತ್ತು.

ಮೊದಲನೆಯದು ‘ಕಲರ್ಸ್!’. ಯೆನ್ಸ್ ಆಂಡರ್ಸನ್ ಎಂಬಾತ 2007ರಲ್ಲಿ ಡಿಎಸ್‌ಗಾಗಿ ಬರೆದದ್ದು. ಇದು ಆಟವೇ ಅಲ್ಲ, ಚಿತ್ರ ಬಿಡಿಸುವ ಸಲಕರಣೆ. ಕಡ್ಡಿಯನ್ನು ಒತ್ತಿದರೆ ಗೆರೆ ದಪ್ಪ, ಹಗುರವಾಗಿ ಎಳೆದರೆ ತೆಳು. ಇದರ ನಿಜವಾದ ಗುಣ ಬೇರೆಯದು. ಚಿತ್ರ ಮುಗಿದ ಮೇಲೆ ಅದು ಹೇಗೆ ಮೂಡಿತು ಎಂಬುದನ್ನು ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಮತ್ತೆ ಓಡಿಸಿ ತೋರಿಸುತ್ತದೆ. ಹೆಂಡತಿ ಒಂದು ಸಂಜೆ ಅದರಲ್ಲಿ ದೊಡ್ಡದಾಗಿ ‘ಕ’ ಬರೆದಳು. ಮಗಳು ಅದನ್ನು ಹತ್ತು ಸಲ ಓಡಿಸಿದಳು. ರಟ್ಟಿನ ಕಾರ್ಡಿನಲ್ಲಿ ಅಕ್ಷರ ಮುಗಿದು ಕೂತಿರುತ್ತದೆ. ಇಲ್ಲಿ ಅಮ್ಮನ ಕೈ ಎಲ್ಲಿ ಶುರುಮಾಡಿತು, ಎಲ್ಲಿ ತಿರುಗಿತು ಎಂಬುದು ಕಾಣುತ್ತದೆ. ನಾವು ಸ್ಲೇಟಿನ ಮೇಲೆ ಅಕ್ಷರ ತಿದ್ದಿದ್ದೂ ಹೀಗೆಯೇ, ಗೆರೆಯ ದಾರಿ ಹಿಡಿದು. ಈ ಆಂಡರ್ಸನ್ ಕನ್ನಡ ಕಲಿಸಲು ಇದನ್ನು ಮಾಡಲಿಲ್ಲ. ಆದರೂ ಆ ವರ್ಷ ನನ್ನ ಮನೆಗೆ ಬಂದ ಅತ್ಯುತ್ತಮ ಕನ್ನಡ ಸಲಕರಣೆ ಅದು.

ಉಳಿದ ಮೂರು ಇನ್ನೂ ಹಳೆಯ ಗೇಮ್‌ಬಾಯ್ ಸಾಲಿನ ಯಂತ್ರಗಳಿಗೆ ಬರೆದ ಹೊಸ ಆಟಗಳು. ಡಿಎಸ್‌ನಲ್ಲಿ ಗೇಮ್‌ಬಾಯನ್ನು ಅನುಕರಿಸುವ ಗೇಮ್‌ಯೋಬ್ ಎಂಬ ಇನ್ನೊಂದು ಹೋಮ್‌ಬ್ರೂ ತಂತ್ರಾಂಶದಲ್ಲಿ ಅವನ್ನು ಆಡಿದೆವು. ಗೇಮ್‌ಬಾಯ್ 1989ರದು. ನಾಲ್ಕು ಛಾಯೆಯ ಬೂದು ಬಣ್ಣ, 8 ಕಿಲೋಬೈಟ್ ಕೆಲಸದ ಮೆಮೊರಿ. ಬೆಳಿಗ್ಗೆ ವಾಟ್ಸ್ಆ್ಯಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರ ಅದರೊಳಗೆ ಹಿಡಿಸುವುದಿಲ್ಲ. ಅದಕ್ಕೊಂದು ವಿಚಿತ್ರ ದ್ವಾರಪಾಲಕನೂ ಇದ್ದಾನೆ. ಪ್ರತಿ ಆಟದ ಆರಂಭದಲ್ಲಿ ಕಂಪನಿಯ ಲಾಂಛನದ 48 ಬೈಟುಗಳು ಇರಲೇಬೇಕು. ಯಂತ್ರ ಅದನ್ನು ತನ್ನಲ್ಲಿರುವ ಪ್ರತಿಯ ಜೊತೆ ಹೋಲಿಸಿ ನೋಡುತ್ತದೆ. ಒಂದು ಚುಕ್ಕಿ ವ್ಯತ್ಯಾಸವಾದರೂ ಮುಂದೆ ಹೋಗುವುದಿಲ್ಲ. ಹಾಗಾಗಿ ಮನೆಯಲ್ಲಿ ಕೂತು ಬರೆದವನ ಆಟವೂ ಕಂಪನಿಯ ಹೆಸರು ಹೇಳಿಯೇ ತೆರೆಯಬೇಕು. ನಮ್ಮ ವಚನಕಾರರು ತಮ್ಮ ಅಂಕಿತವನ್ನು ಕೊನೆಗೆ ಇಟ್ಟರು, ಇಲ್ಲಿ ಪರರ ಅಂಕಿತ ಮೊದಲಿಗೇ ಬರುತ್ತದೆ.

ಇಷ್ಟು ಇಕ್ಕಟ್ಟಿನಲ್ಲಿ ಬರೆದದ್ದನ್ನು ಹೇಗೆ ಅಳೆಯುವುದು? ‘ಇಷ್ಟು ಸಣ್ಣ ಯಂತ್ರದಲ್ಲಿ ಇಷ್ಟೆಲ್ಲ ಮಾಡಿದ್ದಾರಲ್ಲ’ ಎಂದು ಬೆರಗಾಗುವುದು ವಿಮರ್ಶೆಯಲ್ಲ, ಅದು ಅಕ್ಕಿಕಾಳಿನ ಮೇಲೆ ಹೆಸರು ಬರೆಯುವವನನ್ನು ಮೆಚ್ಚುವ ರೀತಿ. ನಾನು ನನ್ನ ವೃತ್ತಿಯ ಅಳತೆಗೋಲನ್ನೇ ಹಿಡಿದೆ. ಜಾಗ ಸಾಲದಾದಾಗ ಇವರು ಏನನ್ನು ಬಿಟ್ಟರು? ಏನನ್ನು ಬಿಡಲಿಲ್ಲ?

‘ಟೋಬು ಟೋಬು ಗರ್ಲ್’ 2017ರದು, ಟ್ಯಾಂಗ್ರಮ್ ಗೇಮ್ಸ್ ಎಂಬ ಪುಟ್ಟ ತಂಡದ್ದು. ಹುಡುಗಿಯೊಬ್ಬಳ ಬೆಕ್ಕು ಆಕಾಶಕ್ಕೆ ಹಾರಿಹೋಗಿದೆ, ಅವಳು ಜಿಗಿಯುತ್ತ ಮೇಲೇರಬೇಕು. ಕತೆ ಅಷ್ಟೇ. ಎದುರು ಬರುವ ಪ್ರಾಣಿಗಳ ತಲೆಯ ಮೇಲೆ ಕಾಲಿಟ್ಟರೆ ಮೇಲಕ್ಕೆ ಚಿಮ್ಮುತ್ತಾಳೆ, ತಗುಲಬಾರದೆಂದು ತಪ್ಪಿಸಿಕೊಳ್ಳುತ್ತ ಹೋದರೆ ಮೇಲೇರಲು ಮೆಟ್ಟಿಲೇ ಇರುವುದಿಲ್ಲ. ಈ ತಂಡ ಕತೆಯನ್ನು, ಮಾತನ್ನು ಬಿಟ್ಟಿತು. ಜಿಗಿತದ ತೂಕವನ್ನು ಬಿಡಲಿಲ್ಲ. ಗುಂಡಿ ಒತ್ತಿದ ಕ್ಷಣ ಮತ್ತು ಕಾಲು ಎದ್ದ ಕ್ಷಣದ ನಡುವೆ ಅಂತರವೇ ಇಲ್ಲ. ಸೋತರೆ ಅದು ನಮ್ಮದೇ ತಪ್ಪು. ಇನ್ನೂರು ಆಟಗಳಲ್ಲಿ ಕಷ್ಟ ಬಂದಾಗ ಓಡಿಹೋದ ಮಗಳು ಇದರಲ್ಲಿ ಒಂದೇ ಹಂತವನ್ನು ಇಡೀ ವಾರ ಆಡಿದಳು. ಇದರ ಮೂಲ ಸಂಕೇತವನ್ನೂ ತಂಡ ಬಿಚ್ಚಿಟ್ಟಿದೆ. ಬರೆಯಲು ಕಲಿಯುವವರಿಗೆ ಒಳ್ಳೆಯ ಪಠ್ಯ.

‘ಮ್ಯೂಸಿಟಿ’ ಸ್ಪೇನಿನ ಆಂಟೋನಿಯೊ ನಿನ್ಯೊ ದಿಯಾಸ್ ಬರೆದ ನಗರ ಕಟ್ಟುವ ಆಟ, ಗೇಮ್‌ಬಾಯ್ ಕಲರ್‌ಗಾಗಿ. ಪೂರ್ತಿ ಅಸೆಂಬ್ಲಿ ಭಾಷೆಯಲ್ಲಿದೆ, ಇದೂ ಮುಕ್ತ ಸಂಕೇತ. ರಸ್ತೆ, ವಿದ್ಯುತ್ತು, ಕಾರ್ಖಾನೆ, ಮನೆ, ಮಾಲಿನ್ಯ, ತೆರಿಗೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎಂಜಿನಿಯರನಾಗಿ ನಾನು ಇದಕ್ಕೆ ಕೈಮುಗಿಯುತ್ತೇನೆ. ಓದುಗನಾಗಿ ಒಂದು ತಕರಾರಿದೆ. ಇಲ್ಲಿ ಬಿಟ್ಟದ್ದು ಮನುಷ್ಯರನ್ನು. ನಗರದಲ್ಲಿ ಜನಸಂಖ್ಯೆ ಇದೆ, ಜನ ಇಲ್ಲ. ಕಾರ್ಖಾನೆಯ ಪಕ್ಕ ಮನೆ ಕಟ್ಟಿದರೆ ಸಂಖ್ಯೆ ಇಳಿಯುತ್ತದೆ, ಅಷ್ಟೇ. ಸಂಸ್ಕರಣಾಗಾರದ ಪಕ್ಕದಲ್ಲಿ, ಹುಟ್ಟೂರು ಬಿಟ್ಟು ಬಂದವರ ನಡುವೆ ಬದುಕುವವನಿಗೆ ಆ ಸಂಖ್ಯೆಯ ಹಿಂದೆ ಯಾರಾದರೂ ಬೇಕೆನಿಸುತ್ತದೆ. ಇದು ಇಂಥ ಎಲ್ಲ ಆಟಗಳ ದೋಷ. ಆದರೆ ಮಾರುಕಟ್ಟೆಯ ಭಯವಿಲ್ಲದ ಹೋಮ್‌ಬ್ರೂ ಅದನ್ನು ಮೀರಬಹುದಿತ್ತು, ಮೀರಲಿಲ್ಲ.

‘ಡೆಡಿಯಸ್’ 2019ರದು. ಇದನ್ನು ಮಗಳಿಗೆ ಕೊಡಲಿಲ್ಲ, ನೀವೂ ಮಕ್ಕಳಿಗೆ ಕೊಡಬೇಡಿ. ಮೂರು ದಿನದಲ್ಲಿ ಎಲ್ಲರೂ ಸಾಯುತ್ತಾರೆಂದು ಕನಸು ಕಂಡ ಒಬ್ಬ ಹುಡುಗ. ಊರಲ್ಲಿ ಅವನು ಏನು ಮಾಡುತ್ತಾನೆ ಎಂಬುದರ ಮೇಲೆ 11 ಮುಕ್ತಾಯಗಳು. ಬಣ್ಣವಿಲ್ಲದಿರುವುದು ಇಲ್ಲಿ ಕೊರತೆಯಾಗಿಲ್ಲ. ರಕ್ತಕ್ಕೂ ನೆರಳಿಗೂ ಒಂದೇ ಕಪ್ಪು ಇರುವುದರಿಂದ ಯಾವುದು ಯಾವುದೆಂದು ತಿಳಿಯದೆ ಹೆದರುತ್ತೇವೆ. ಬಣ್ಣವನ್ನು ಬಿಟ್ಟರೂ ಆಯ್ಕೆಯ ಭಾರವನ್ನು ಬಿಡದ ಕೃತಿ. ಆದರೆ 11 ಎಂಬ ಸಂಖ್ಯೆ ತಿಳಿದ ಮೇಲೆ ಆಟಗಾರ ಮುಕ್ತಾಯಗಳನ್ನು ಎಣಿಸಲು ಶುರುಮಾಡುತ್ತಾನೆ. ಮತ್ತೆ 9999ರ ರೋಗ.

ಈ ಆಟವನ್ನು ಕಟ್ಟಿದ್ದು ಜಿಬಿ ಸ್ಟುಡಿಯೊ ಎಂಬ ಉಚಿತ ಸಲಕರಣೆಯಲ್ಲಿ. ಕ್ರಿಸ್ ಮಾಲ್ಟ್‌ಬಿ 2019ರಲ್ಲಿ ಅದನ್ನು ಹೊರತಂದ ಮೇಲೆ ಪ್ರೋಗ್ರಾಮಿಂಗ್ ಬಾರದವರೂ ಗೇಮ್‌ಬಾಯ್ ಆಟ ಕಟ್ಟುವಂತಾಯಿತು. ಅದರಿಂದ ಬಂದ ಆಟಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಮೇಲಿನಿಂದ ಕಾಣುವ ಊರು, ನಿಂತ ಮನುಷ್ಯರು, ಗುಂಡಿ ಒತ್ತಿದರೆ ಒಂದು ಮಾತು. ಮಾತು ಹೆಚ್ಚಾಗಿ ಇಂಗ್ಲಿಷ್. ಸಲಕರಣೆ ಸುಲಭವಾದಾಗ ಹೇಳುವುದೇನಿದೆ ಎಂಬ ಪ್ರಶ್ನೆ ಕಠಿಣವಾಗುತ್ತದೆ. ನಮ್ಮ ಬ್ಲಾಗು ಕವಿತೆಗಳ ಕಾಲ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೂ ‘ಇದರಲ್ಲಿ ಕನ್ನಡ ಎಲ್ಲಿದೆ’ ಎಂಬ ಪ್ರಶ್ನೆಗೆ ಉತ್ತರ ಸಿಗುವುದಾದರೆ ಇಲ್ಲೇ ಎಂದು ಅನಿಸಿತು. ಆಟ ಕಟ್ಟುವುದು ನಮಗೇನೂ ಪರಕೀಯವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರರಮನೆಯಲ್ಲಿ ಕೂತು ಮಣೆಯಾಟಗಳನ್ನು ತಾವೇ ಕಲ್ಪಿಸಿದವರು. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗವಿದೆ. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ನಡೆಸುವ ಲೆಕ್ಕ ಅವರಿಗೆ ಪ್ರಿಯವಾಗಿತ್ತು. ಅರಮನೆಯ ಹೊರಗೆ, ಕಟ್ಟೆಯ ಕಲ್ಲಿನ ಮೇಲೆ ಗೆರೆ ಕೊರೆದು ಚೌಕಾಬಾರ ಆಡಿದವರೂ, ಹುಣಸೆ ಬೀಜ ಹಂಚಿ ಅಳಗುಳಿ ಮಣೆ ಆಡಿದವರೂ ನಮ್ಮವರೇ.

ಮಗಳು ಮತ್ತು ನಾನು ಜಿಬಿ ಸ್ಟುಡಿಯೊ ಹಿಡಿದು ಕೂತೆವು. ತಕ್ಷಣ ಒಂದು ಗೋಡೆ. ಗೇಮ್‌ಬಾಯ್ ಪರದೆಯ ಅಗಲ 160 ಚುಕ್ಕಿ, ಎತ್ತರ 144. ಎಲ್ಲವನ್ನೂ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕಗಳಿಂದ ಜೋಡಿಸಬೇಕು. ಇಂಗ್ಲಿಷಿನ ಅಕ್ಷರ ಒಂದು ಚೌಕದಲ್ಲಿ ಮುಗಿಯುತ್ತದೆ. ನಮ್ಮ ‘ಕ್ಷ್ಮೀ’ಯನ್ನು ಅದರಲ್ಲಿ ಕೂರಿಸಿ ನೋಡಿ. ಕಾಗುಣಿತ, ಒತ್ತುಗಳನ್ನು ತಾನೇ ಜೋಡಿಸಿಕೊಳ್ಳುವ ಬುದ್ಧಿ ಅದರ ಮಾತಿನ ಪೆಟ್ಟಿಗೆಗೆ ಇಲ್ಲ. ಹಾಗಾಗಿ ಕನ್ನಡವನ್ನು ಚಿತ್ರವಾಗಿ ಬಿಡಿಸಿ ಹಿನ್ನೆಲೆಯಲ್ಲಿ ಇಡಬೇಕು. ಓದಲು ಬರುವಂತಿರಬೇಕಾದರೆ ಒಂದು ಅಕ್ಷರಕ್ಕೆ ನಾಲ್ಕು ಚೌಕ, ಅದಕ್ಕೊಂದು ಒತ್ತು ಬಂದರೆ ಕೆಳಗೆ ಇನ್ನೆರಡು. ಒಂದು ಹಿನ್ನೆಲೆಯಲ್ಲಿ ಬೇರೆ ಬೇರೆ ಆಕಾರದ ಚೌಕಗಳು 192ಕ್ಕಿಂತ ಹೆಚ್ಚು ಇರುವಂತಿಲ್ಲ.

ಈ ಲೆಕ್ಕ ಮಾಡುವಾಗ ಕಾಲೇಜಿನಲ್ಲಿ ಕಲಿತ ಛಂದಸ್ಸು ನೆನಪಾಯಿತು. ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ. ‘ಅಜಿ’ ಎಂದರೆ ಎರಡು ಮಾತ್ರೆ, ‘ಅಜ್ಜಿ’ ಎಂದರೆ ಮೂರು. ಒತ್ತಿಗೆ ಬೆಲೆ ಕಟ್ಟಿದವರಲ್ಲಿ ಈ ಯಂತ್ರವೇ ಮೊದಲಲ್ಲ ಅಂದ ಹಾಗಾಯಿತು. ನಮ್ಮ ಕವಿಗಳು ಸಾವಿರ ವರ್ಷ ಆ ಬೆಲೆ ಕೊಟ್ಟು ಬರೆದರು. ಜಾಗ ಸಾಲಲಿಲ್ಲವೆಂದು ಒತ್ತನ್ನು ಕಿತ್ತು ಬಿಸಾಡದೆ, ಬೇರೆ ಮಾತು ಹುಡುಕಿದರು.

ಇದು ನನಗೆ ಹೊಳೆದದ್ದು ಮಾತ್ರ ಆಮೇಲೆ. ಮಗಳ ಆಟದ ಮೊದಲ ದೃಶ್ಯ ಉತ್ತರಾಯಣದ್ದು. ಜನವರಿ 14ಕ್ಕೆ ಇಲ್ಲಿ ಊರಿಗೆ ಊರೇ ಮಾಳಿಗೆ ಹತ್ತಿ ಪಟ ಹಾರಿಸುತ್ತದೆ. ಆ ಹಬ್ಬಕ್ಕೆ ನನ್ನ ಅವ್ವ ರಾಣೆಬೆನ್ನೂರು ಹತ್ತಿರದ ನಮ್ಮ ಹಳ್ಳಿಯಿಂದ ಬರುವವಳಿದ್ದಳು. ಮಗಳು ಮಾಳಿಗೆ, ಚಿಮಣಿ, ಪಟಗಳನ್ನು ಬಿಡಿಸಿ, ಕೆಳಗೆ ಎರಡು ಸಾಲು ಬರೆದಳು. ಯಾರೂ ಹೇಳಿಕೊಡದೆ ಅವಳು ಬರೆದ ಮೊದಲ ಕನ್ನಡ ವಾಕ್ಯ:

ಅಜ್ಜಿ ಹಳ್ಳಿ ಬಿಟ್ಟು
ಬುತ್ತಿ ಕಟ್ಕೊಂಡು ಬಂದ್ಲು

ಹದಿಮೂರು ಅಕ್ಷರಕ್ಕೆ 52 ಚೌಕ, ಆರು ಒತ್ತಿಗೆ 12, ಒಟ್ಟು 64. ಚಿತ್ರವೇ 129 ಚೌಕ ತಿಂದಿತ್ತು. ಉಳಿದದ್ದು 63. ಒಂದೇ ಒಂದು ಚೌಕ ಹೆಚ್ಚು! ಜಿಬಿ ಸ್ಟುಡಿಯೊ ಎಚ್ಚರಿಕೆ ತೋರಿಸಿತು. ನಾನು ಆಫೀಸಿನ ದನಿಯಲ್ಲಿ, “ಎಲ್ಲಾದರೂ ಒಂದು ಒತ್ತು ತೆಗಿ, ಯಾರಿಗೂ ಗೊತ್ತಾಗಲ್ಲ” ಎಂದೆ. ಅವಳು ಮೊದಲ ಒತ್ತನ್ನೇ ಅಳಿಸಿದಳು. ಎಚ್ಚರಿಕೆ ಮಾಯವಾಯಿತು.

ಅವ್ವ ಬಂದಳು. ಮೊಮ್ಮಗಳು ಡಿಎಸ್ ತೆರೆದು ಕೈಗೆ ಕೊಟ್ಟಳು. ಅವ್ವ ಕನ್ನಡಕ ಏರಿಸಿ, ಪರದೆಯನ್ನು ಬೆಳಕಿಗೆ ಹಿಡಿದು, ನಿಧಾನ ಓದಿದಳು. ಆಮೇಲೆ, “ಯವ್ವಾ, ಯಾರಿಕಿ ಅಜಿ? ನಾ ಅಜ್ಜಿ ಅದೀನಿ. ನನ್ನ ಒತ್ತು ಎಲ್ಲಿ ಹೋತು?” ಎಂದಳು.

ಮಗಳು ನನ್ನ ಮುಖ ನೋಡಿದಳು. ಜಾಗ ಇರಲಿಲ್ಲ ಎಂದು ನಾನು ಚೌಕ, ಮೆಮೊರಿ ಎಲ್ಲ ವಿವರಿಸಿದೆ. ಅವ್ವ ಕೇಳಿಸಿಕೊಂಡು, “ಇಷ್ಟು ಪಟ ಯಾಕ ಬೇಕು ಮುಗಿಲಾಗ? ಒಂದು ಕಡೀರಿ” ಎಂದಳು.

ಉತ್ತರಾಯಣದ ದಿನ ಎದುರಾಳಿಯ ಪಟ ಕಡಿದಾಗ ಇಲ್ಲಿಯವರು ‘ಕಾಯ್ಪೋ ಛೇ’ ಎಂದು ಕೂಗುತ್ತಾರೆ. ಮಗಳು ಹಾಗೆ ಕೂಗಿ ಪರದೆಯ ಒಂದು ಪಟವನ್ನು ಅಳಿಸಿದಳು. ಆರು ಚೌಕ ಉಳಿದವು. ಅಜ್ಜಿಯ ಒತ್ತು ವಾಪಸು ಬಂತು. ಆಕಾಶವೂ ತುಸು ಬಿಡುವಾಗಿ ಮೊದಲಿಗಿಂತ ಚೆನ್ನಾಗಿ ಕಂಡಿತು.

ಆಟ ಇನ್ನೂ ಮುಗಿದಿಲ್ಲ, ನಾಲ್ಕು ದೃಶ್ಯ ಆಗಿವೆ. ವಿಮರ್ಶಕನಾಗಿ ಹೇಳುವುದಾದರೆ ಕತೆ ತೆಳು, ಅಜ್ಜಿ ನಡೆಯುವಾಗ ಕಾಲು ಅಲ್ಲಾಡುವುದಿಲ್ಲ, ಅಚ್ಚು ಅದೇ ಹಳೆಯ ಅಚ್ಚು. ಆದರೆ ಏನನ್ನು ಬಿಟ್ಟರು, ಏನನ್ನು ಬಿಡಲಿಲ್ಲ ಎಂಬ ನನ್ನ ಅಳತೆಗೋಲಿನಲ್ಲಿ ಅದು ಪಾಸು. ನಾನು ಮಾತ್ರ ಫೇಲಾದೆ, ಮೊದಲು ಒತ್ತು ತೆಗಿ ಎಂದವನು ನಾನೇ ತಾನೆ. ರಿಲೀಫ್ ರೋಡಿನ ಆ ಕಾರ್ಡಿನಲ್ಲಿ ಈಗ ಐದು ಕಡತಗಳಿವೆ. ಐದನೆಯದರ ಹೆಸರನ್ನು ಮಗಳು ಇಂಗ್ಲಿಷಿನಲ್ಲೇ ಕೊಟ್ಟಿದ್ದಾಳೆ, ಅಜ್ಜಿ ಎಂದು, ಎರಡು ಜೆ ಹಾಕಿ.